ಕಣ್ಣು ನಿಲ್ಲಿಸುವ ಪರೀಕ್ಷೆ

ನನ್ನ ಕಣ್ಣನ್ನು ಅಳೆಯದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಊಟಕ್ಕೆ ಕೂತರೆ ಅಮ್ಮ ಉಪ್ಪಿನಕಾಯಿ ಕುಪ್ಪಿಯನ್ನು ಇವತ್ತು ತಟ್ಟೆಯ ಎಡಕ್ಕೆ, ನಾಳೆ ಇನ್ನಷ್ಟು ಎಡಕ್ಕೆ ಇಟ್ಟು, ನಾನು ಕೈ ಚಾಚುತ್ತೇನೋ ಇಲ್ಲವೋ ಎಂದು ಕಳ್ಳನೋಟ ನೋಡುತ್ತಾರೆ. ಹೆಂಡತಿ ರಿನ್ಸಿ ಚಾ ತರುವಾಗ ಎದುರಿನಿಂದ ಬರುವುದಿಲ್ಲ. ಪಕ್ಕದಲ್ಲಿ ಬಂದು ಲೋಟ ಚಾಚಿ ಸುಮ್ಮನೆ ನಿಲ್ಲುತ್ತಾಳೆ. ನಾನು ತೆಗೆದುಕೊಳ್ಳದಿದ್ದರೆ ಒಂದು ಉಸಿರು ಬಿಡುತ್ತಾಳೆ. ಆ ಉಸಿರು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ.

"ಚಾ ಉಂಟು ಅಂತ ಬಾಯಲ್ಲಿ ಹೇಳ್ಲಿಕ್ಕೆ ಎಂತ ರೋಗ ನಿಂಗೆ?" ಎಂದು ಒಮ್ಮೆ ಕಿರುಚಿದ್ದೆ.

"ರೋಗ ನನಗಲ್ವಲ್ಲ ಇಚ್ಚಾಯ" ಎಂದವಳು ನಾಲಿಗೆ ಕಚ್ಚಿಕೊಂಡಳು. ಆ ವಾರವಿಡೀ ನಮ್ಮಿಬ್ಬರ ಮಾತು ಅಮ್ಮನ ಮೂಲಕವೇ ಹೋಗಿ ಬಂತು.

ನಾನು ಸಿಬಿ. ಕಡಬ ಪೇಟೆಯ ಹತ್ತಿರ, ಕೋಡಿಂಬಾಳದಲ್ಲಿ ನಮ್ಮ ರಬ್ಬರ್ ತೋಟ. ಅಜ್ಜ ಕೇರಳದಿಂದ ಬಂದು ನೆಟ್ಟ ಮರಗಳ ಕಾಲ ಮುಗಿದು, ಈಗ ಹಾಲು ಕೊಡುತ್ತಿರುವುದು ಅಪ್ಪ ನೆಟ್ಟವು. ಅಪ್ಪ ಈಗಿಲ್ಲ. ಮನೆಯಲ್ಲಿ ನಾವಾಡುವುದು ಮಲಯಾಳ, ಗಂಡನಿಗೆ ಇಚ್ಚಾಯ, ಮಗನಿಗೆ ಮೋನೇ. ಇಲ್ಲಿ ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ನನ್ನ ಕಣ್ಣಿನೊಳಗಿನ ಪರದೆ ಅಂಚಿನಿಂದ ನಡುವಿನ ಕಡೆಗೆ ಸಾಯುತ್ತಾ ಬರುತ್ತಿದೆ. ನಡುವೆ ಇನ್ನೂ ಗಟ್ಟಿಯಿದೆ. ಪೇಪರು ಓದುತ್ತೇನೆ, ಸೂಜಿಗೆ ನೂಲು ಪೋಣಿಸುತ್ತೇನೆ, ರಿನ್ಸಿಯ ತಲೆಯಲ್ಲಿ ಬಿಳಿಕೂದಲು ಹುಡುಕಿ ಜಗಳ ತೆಗೆಯುತ್ತೇನೆ. ಆದರೆ ಬಾಗಿಲಿನ ಚೌಕಟ್ಟು, ನೆಲದ ಮೇಲಿನ ಬಕೆಟ್ಟು, ಪಕ್ಕಕ್ಕೆ ಬಂದು ನಿಂತ ಮನುಷ್ಯ, ಇವು ಯಾವುವೂ ನನಗಿಲ್ಲ. ತಾಗಿದ ಮೇಲೆ ಮಾತ್ರ ಇರುತ್ತವೆ.

ಇದು ರಕ್ತದಲ್ಲಿ ಬಂದದ್ದು, ಅದೂ ಅಮ್ಮನ ಕಡೆಯಿಂದ. ನಮ್ಮ ವಂಶದಲ್ಲಿ ಹೆಂಗಸರು ದಾಟಿಸುತ್ತಾರೆ, ಗಂಡಸರು ಕುರುಡಾಗುತ್ತಾರೆ. ಡಾಕ್ಟರು ಇದನ್ನು ಚಿತ್ರ ಬರೆದು ವಿವರಿಸಿದಾಗ ಅಮ್ಮ ಪಕ್ಕದಲ್ಲೇ ಇದ್ದರು. ಅಮ್ಮನ ಹೆಸರು ರೋಸಮ್ಮ. ಊರಲ್ಲಿ ಯಾರಿಗೂ ಬಗ್ಗದ ಹೆಂಗಸು, ರಬ್ಬರ್ ವ್ಯಾಪಾರಿಗಳು ಇವರನ್ನು ಕಂಡರೆ ತಕ್ಕಡಿ ಒರೆಸಿಡುತ್ತಾರೆ. ಅವತ್ತು ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೆ ತಲೆ ತಗ್ಗಿಸಿ ನನ್ನ ಹಿಂದೆಯೇ ನಡೆದರು. ಆಮೇಲೆ ಕೈಗೆತ್ತಿಕೊಂಡ ಕೊಂತವನ್ನು, ಎಂದರೆ ಜಪಸರವನ್ನು, ಇನ್ನೂ ಕೆಳಗಿಟ್ಟಿಲ್ಲ. ಕಣ್ಣಿನ ಸಂತ ಲೂಸಿಯಮ್ಮನಿಗೆ ಹೊತ್ತ ಹರಕೆಗಳನ್ನು ತೀರಿಸಲು ಅವರಿಗೆ ಇನ್ನೊಂದು ಜನ್ಮ ಬೇಕು.

ಅಮ್ಮನ ತಮ್ಮ ಜೋಯಿ ನನಗೆ ಅಮ್ಮಾಚ್ಚ. ಪೂರ್ತಿ ಕುರುಡು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಜಗಲಿಯಲ್ಲಿ ಹಲಸಿನ ಹಲಗೆಯ ಒಂದು ಬೆಂಚು ಉಂಟು, ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅವರು ಅದರ ಮೇಲೆ. ಯಾರು ಬಂದರೂ ಹೆಜ್ಜೆಯಲ್ಲೇ ಗುರುತಿಸಿ ಚೇಷ್ಟೆ ಮಾಡುತ್ತಾರೆ. ನನಗೆ ಅವರೆಂದರೆ ಪ್ರೀತಿಯೇ. ಆದರೆ ಆ ಬೆಂಚಿನ ಮೇಲೆ ನಾನು ಕೂತದ್ದಿಲ್ಲ. ಕಾಯಿಲೆಯ ಹೆಸರು ಗೊತ್ತಾದ ಮೇಲಂತೂ ಅದರ ಅಂಚಿಗೆ ಚಪ್ಪಲಿ ಕೂಡ ಬಿಟ್ಟಿಲ್ಲ.

ಇಷ್ಟು ವರ್ಷ ಯಾರಿಗೂ ಗೊತ್ತಾಗದೆ ಹೇಗಿದ್ದೆ ಎಂದು ಕೇಳಬಹುದು. ರಬ್ಬರ್ ಟಾಪಿಂಗ್ ಬೆಳಕು ಹರಿಯುವ ಮೊದಲಿನ ಕೆಲಸ. ಹಣೆಗೆ ಹೆಡ್‌ಲೈಟ್ ಕಟ್ಟಿಕೊಂಡು, ಮರದಿಂದ ಮರಕ್ಕೆ ಹೋಗಿ ತೊಗಟೆ ಕೆತ್ತುವುದು. ಆ ಕತ್ತಲಲ್ಲಿ ಯಾವ ಕಣ್ಣಿದ್ದವನಿಗೂ ಕಾಣುವುದು ಲೈಟಿನ ಒಂದು ಉರುಟು ಮಾತ್ರ, ಉಳಿದ ತೋಟ ಎಲ್ಲರಿಗೂ ಕಪ್ಪೇ. ಅಲ್ಲಿ ನಾನೂ ಒಂದೇ, ಪಂಜ ಊರಿನಿಂದ ಬರುವ ಟಾಪಿಂಗಿನವರೂ ಒಂದೇ. ಉರುಟಿನಲ್ಲಿ ಸಿಗದ್ದನ್ನು ಕಣ್ಣು ಓಡಿಸಿ ಹುಡುಕಬೇಕು. ಹಾಲು ತುಂಬುವ ಗೆರಟೆ ಎಲ್ಲಿ, ಅದಕ್ಕೆ ಹಾಲು ಇಳಿಯುವ ತಗಡು ಎಲ್ಲಿ, ಬುಡದಲ್ಲಿ ಹಾವು ಉಂಟಾ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಸರಕ್ಕನೆ. ಚಿಕ್ಕಂದಿನಿಂದ ಓಡಿದ ಕಣ್ಣು ಇದು. ಹಗಲಿನಲ್ಲೂ ಹಾಗೇ ಓಡಿಸುತ್ತಾ ಬದುಕಿದೆ. ಒಂದು ಸಂಜೆ ಕಳಾರದ ತಿರುವಿನಲ್ಲಿ ನಿಂತ ರಿಕ್ಷಾಕ್ಕೆ ಬೈಕು ಗುದ್ದಿದ ಮೇಲೆಯೇ ಸಂಗತಿ ಹೊರಬಿದ್ದದ್ದು.

ಆಗ ಮಾಡಿಸಿದ ಮೊದಲ ಪರೀಕ್ಷೆಯಲ್ಲಿ, ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ತೋರಿಸುವ ಚಿತ್ರ ನಂಬುವ ಹಾಗೆಯೇ ಬಂದಿತ್ತು. ಕೈಗೆ ಪ್ಲಾಸ್ಟರ್, ಮೈಯೆಲ್ಲಾ ನೋವು, ಕಣ್ಣು ಓಡಿಸುವ ಹುಮ್ಮಸ್ಸು ಇರಲಿಲ್ಲ. ಹೇಳಿದಲ್ಲಿ ನೋಡುತ್ತಾ ಸತ್ತವನ ಹಾಗೆ ಕೂತಿದ್ದೆ. ಅದು ಹಳೇ ಮಾತು.

ಈಗಿನ ಮಾತು ಬೇರೆ. ಪುತ್ತೂರಿನ ಕಣ್ಣಾಸ್ಪತ್ರೆಗೆ ಡಾಕ್ಟರ್ ವಿಷ್ಣುಪ್ರಸಾದ್ ಎಂಬವರು ತಿಂಗಳಿಗೊಮ್ಮೆ ಬರುತ್ತಾರೆ. ಇಂಥ ಕಾಯಿಲೆಗೆ ಹೊಸ ಇಂಜೆಕ್ಷನ್ ಒಂದನ್ನು ಪ್ರಯೋಗಕ್ಕೆ ಕೊಡುವವರಿದ್ದಾರೆ, ಆಯ್ದ ಕೆಲವರಿಗೆ ಮಾತ್ರ. "ಹೋದದ್ದು ಬರುದಿಲ್ಲ ಸಿಬಿ. ಇರುವುದು ಹೋಗುವ ವೇಗ ಕಮ್ಮಿ ಆಗ್ತದಾ ಅಂತ ನೋಡುದು. ಅದೂ ಗ್ಯಾರಂಟಿ ಇಲ್ಲ" ಎಂದಿದ್ದರು. ನನಗೆ ಅಷ್ಟು ಸಾಕಿತ್ತು. ಆದರೆ ಸೇರಿಸಿಕೊಳ್ಳಲು ಒಂದು ಶರತ್ತು ಉಂಟು. ಕಣ್ಣು ಹೋಗುತ್ತಾ ಇದೆ ಎಂದು ಅಳತೆಯಲ್ಲಿ ತೋರಬೇಕು. ಹಳೆಯ ಚಿತ್ರ, ಈಗಿನ ಚಿತ್ರ, ಎರಡರ ನಡುವೆ ಇಷ್ಟು ವ್ಯತ್ಯಾಸ ಕಾಣಬೇಕು, ಮತ್ತು ಎರಡೂ ನಂಬುವಂಥ ಚಿತ್ರ ಆಗಿರಬೇಕು.

ಪರೀಕ್ಷೆ ಕೇಳಲಿಕ್ಕೆ ಸುಲಭ. ಕತ್ತಲೆ ಕೋಣೆ. ಒಂದು ಬಿಳಿ ಬೋಗುಣಿಯೊಳಗೆ ಮುಖ ಇಟ್ಟ ಹಾಗೆ ಗಲ್ಲ ಊರಿ ಕೂರಬೇಕು. ಒಂದು ಕಣ್ಣು ಕಟ್ಟುತ್ತಾರೆ. ಬೋಗುಣಿಯ ನಟ್ಟನಡುವೆ ಒಂದು ಹಳದಿ ಚುಕ್ಕಿ, ಅದನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಚಿಕ್ಕ ಬೆಳಕು ಮಿನುಗುತ್ತದೆ, ಕಂಡರೆ ಕೈಯಲ್ಲಿರುವ ಬಟನ್ ಒತ್ತುವುದು. ಅಷ್ಟೇ.

ಪ್ರಯೋಗಕ್ಕೆಂದು ಕೂತ ಮೊದಲ ಸಲ ನಾನು ಹೆಚ್ಚುಕಮ್ಮಿ ಒಂದೂ ಬಿಡಲಿಲ್ಲ. ಮೂಲೆಯಲ್ಲಿ ಮಿನುಗಿದ್ದನ್ನೂ ಓಡಿ ಹಿಡಿದೆ. ಎದ್ದು ಬರುವಾಗ ಪರೀಕ್ಷೆ ಮಾಡುವ ಸುಹರಾನ ಮುಖ ನೋಡಿ, ಹೊಗಳುತ್ತಾಳೆ ಎಂದುಕೊಂಡೆ.

"ಸಿಬಿಯಣ್ಣ, ನಿಮ್ಮ ಕಣ್ಣು ನನಗೆ ಸ್ಕ್ರೀನಿನಲ್ಲಿ ಕಾಣ್ತದೆ. ಅದು ಒಂದು ಕಡೆ ನಿಲ್ಲುದೇ ಇಲ್ಲ" ಎಂದಳು. "ಚುಕ್ಕಿ ನೋಡಿ ಅಂದ್ರೆ ನೀವು ಬೋಗುಣಿ ಇಡೀ ಸುತ್ತಿ ಬರ್ತೀರಿ."

"ಲೈಟು ಹಿಡಿದೆನಾ ಇಲ್ವಾ?"

"ಹಿಡಿದ್ರಿ. ಅದೇ ತೊಂದರೆ ಮಾರಾಯ್ರೆ."

ಎರಡನೇ ಸಲವೂ ಹಾಗೇ ಆಯಿತು. ಡಾಕ್ಟರು ಎರಡು ಚಿತ್ರಗಳನ್ನೂ ಪಕ್ಕಕ್ಕಿಟ್ಟರು, ನಂಬಲಿಕ್ಕಾಗುವುದಿಲ್ಲವಂತೆ. ಮನೆಗೆ ಬಂದು "ಚಿತ್ರದಲ್ಲಿ ಕಣ್ಣು ಚೆನ್ನಾಗಿಯೇ ಕಾಣ್ತದೆ, ಕೆಟ್ಟದ್ದು ತೋರ್ಲಿಲ್ಲ" ಎಂದು ಸಿಟ್ಟಿನಲ್ಲಿ ಹೇಳಿದೆ ನೋಡಿ, ಅಮ್ಮ ಅಲ್ಲೇ ಅಡುಗೆಮನೆಯಲ್ಲಿ ಮೊಣಕಾಲೂರಿದರು. "ನನ್ನ ಕರ್ತಾವೇ!" ಎಂದು ಅತ್ತರು. ಮರುದಿನ ವಟ್ಟೆಯಪ್ಪ ಎಂಬ ಅಕ್ಕಿಯ ಸಿಹಿ ಬೇಯಿಸಿ ಚರ್ಚಿಗೆ ಕೊಂಡುಹೋಗಿ ಹಂಚಿದರು. ಚರ್ಚಿನ ಮೆಟ್ಟಿಲಲ್ಲಿ ಜನ ನನ್ನ ಕೈ ಕುಲುಕಿದರು. ನನಗೆ ತಲೆ ಕೆಟ್ಟುಹೋಯಿತು. ಕೈ ಕುಲುಕಿದವರ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ನನಗೆ ಕಾಣುತ್ತಿರಲಿಲ್ಲ.

"ಅಮ್ಮಾ, ಚೆನ್ನಾಗಿಲ್ಲ ಅಂತ ತೋರಿದ್ರೇ ನನಗೆ ಮದ್ದು ಸಿಗುದು. ತಲೆಗೆ ಹೋಯ್ತಾ?" ಎಂದೆ.

"ಹಾಗೆ ಹೇಳ್ಬೇಡ ಮೋನೇ. ಚೆನ್ನಾಗಿದೆ ಅಂತ ಮೆಷಿನೇ ಹೇಳಿದ ಮೇಲೆ ಮದ್ದು ಯಾಕೆ?"

ಅವರ ಕಣ್ಣು ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಚೆನ್ನಾಗಿದೆ ಎಂದರೆ ಅವರಿಂದ ಬಂದದ್ದು ಅಷ್ಟರಮಟ್ಟಿಗೆ ಕಮ್ಮಿ, ಅವರ ಲೆಕ್ಕ ಅದು. ಆ ಸುಖವನ್ನು ಕಿತ್ತುಕೊಳ್ಳುವುದು ಹೇಗೆ? ಕುರುಡಾಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಬಾರದು, ಆಸ್ಪತ್ರೆಯಲ್ಲಿ ಸಾಬೀತು ಮಾಡಬೇಕು. ಬೋನಿಗೆ ಬಿದ್ದ ಹೆಗ್ಗಣದ ಅವಸ್ಥೆ ನನ್ನದು.

ಕಳೆದ ತಿಂಗಳು ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಮುಂದಿನ ಸಲ ಕೊನೇ ಸಲ. ಅಷ್ಟರಲ್ಲಿ ಹೆಸರು ಕಳಿಸ್ಬೇಕು. ಕಣ್ಣು ನಿಲ್ಲಿಸಿದ್ರೆ ಸರಿ, ಇಲ್ಲದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರು."

ಕಣ್ಣು ನಿಲ್ಲಿಸುವುದು! ಹೇಳಿದಷ್ಟು ಸುಲಭವಾ? ರಿನ್ಸಿ ನನಗೆ ಅಭ್ಯಾಸ ಮಾಡಿಸಲು ಕೂತಳು. ಎದುರು ಕುರ್ಚಿ ಹಾಕಿ, "ನನ್ನ ಹುಬ್ಬಿನ ನಡುವೆ ನೋಡಿ ಇಚ್ಚಾಯ" ಎಂದಳು. ನೋಡಿದೆ.

"ಓಡಿತು."

"ಇಲ್ಲ."

"ಈಗ ಓಡಿತು, ನನಗೆ ಕಾಣುದಿಲ್ವಾ?"

"ನೊಣ ಬಂತು."

"ನೊಣ ಬಂದ್ರೆ ನನಗೂ ಕಾಣ್ಬೇಕಲ್ಲ!" ಎಂದು ನಕ್ಕಳು. ನಾನು ಕುರ್ಚಿ ಒದ್ದು ಎದ್ದೆ. ನಿಜ ಹೇಳಬೇಕೆಂದರೆ ನೊಣವೂ ಇಲ್ಲ, ಏನೂ ಇಲ್ಲ. ಅವಳ ಹುಬ್ಬಿನ ನಡುವೆ ಎರಡು ಉಸಿರಿನಷ್ಟು ಹೊತ್ತು ನೋಡಿದ ಕೂಡಲೇ ಅವಳ ಗಲ್ಲ ಕರಗತೊಡಗುತ್ತಿತ್ತು. ಕಣ್ಣು ತಾನಾಗಿ ಇಳಿದು ಗಲ್ಲವನ್ನು ಎತ್ತಿಕೊಂಡು ಬರುತ್ತಿತ್ತು. ಇದನ್ನು ಅವಳಿಗೆ ಹೇಳಲಿಲ್ಲ. ಹೆಂಡತಿಯ ಎದುರು ಕೂತು ನಿನ್ನ ಗಲ್ಲ ಇಲ್ಲ ಎಂದು ಹೇಗೆ ಹೇಳುವುದು?

ಜಗಲಿಯಲ್ಲಿ ಅಮ್ಮಾಚ್ಚ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಎಡಾ ಸಿಬಿ, ಪಾಠ ಮುಗೀತಾ? ಫೇಲಾ?"

"ನಿಮಗೆ ನಗು ಬರ್ತದೆ."

"ಬರದೆ ಎಂತ ಮಾಡುದು? ನಾನೂ ಅದೇ ಶಾಲೆಯವ." ಅವರು ಬೀಡಿ ಹುಡುಕಿದರು, ನಾನು ತೆಗೆದುಕೊಟ್ಟೆ. "ಟಾಪಿಂಗ್ ಮಾಡ್ತಿದ್ದಾಗ ನನ್ನದೂ ಓಡ್ತಾ ಇತ್ತು, ನಿನ್ನದಕ್ಕಿಂತ ಜೋರು. ಕಾಣದ್ದು ಗೊತ್ತೇ ಆಗ್ಲಿಲ್ಲ. ಒಂದು ಭಾನುವಾರ ಚರ್ಚಿನಲ್ಲಿ ಫಾದರ್ ಪ್ರಸಂಗ ಮಾಡ್ತಾ ಇದ್ರು. ಎಂದೂ ಇಲ್ಲದೆ ಅವತ್ತು ಚೆನ್ನಾಗಿತ್ತು. ಅವರ ಮುಖವನ್ನೇ ನೋಡ್ತಾ ಕೂತೆ, ಅಲ್ಲಾಡ್ಲಿಲ್ಲ. ನೋಡ್ತೇನೆ, ಫಾದರ್ ಮುಖ ಮಾತ್ರ ಉಂಟು. ಚರ್ಚೇ ಇಲ್ಲ ಮಾರಾಯ!"

"ಆಮೇಲೆ?"

"ಆಮೇಲೆಂತ? ಮನೆಗೆ ಬಂದೆ. ಈ ಬೆಂಚಿನಲ್ಲಿ ಕೂತೆ."

ನನಗೆ ರೇಗಿತು. ಅಂಗಳಕ್ಕಿಳಿದು, ಒಣಗಲು ಹಾಕಿದ್ದ ರಬ್ಬರ್ ಶೀಟುಗಳನ್ನು ಸುಮ್ಮಸುಮ್ಮನೆ ಮಗುಚಿ ಹಾಕಿದೆ. ಪ್ರಯೋಗಕ್ಕೆ ಸೇರದಿದ್ದರೆ ಇಂದಲ್ಲ ನಾಳೆ ಅದೇ ಬೆಂಚು. ಸೇರಬೇಕಾದರೆ ಅಮ್ಮಾಚ್ಚ ಅವತ್ತು ಚರ್ಚಿನಲ್ಲಿ ನೋಡಿದ್ದನ್ನು ನಾನಾಗಿ ಹೋಗಿ ನೋಡಬೇಕು. ಬೇರೆ ದಾರಿ ಇರಲಿಲ್ಲ.

ಆ ದಿನ ಬಂತು. ಅಮ್ಮ ಕೊಂತದ ಶಿಲುಬೆಯನ್ನು ನನ್ನ ಎರಡೂ ರೆಪ್ಪೆಗೆ ಮುಟ್ಟಿಸಿ, "ಹೋದ ಸಲದ ಹಾಗೇ ಚೆನ್ನಾಗಿ ಬರ್ಲಿ" ಎಂದು ಹರಸಿದರು. ಅದು ಹಾರೈಕೆಯೋ ಶಾಪವೋ ಎಂದು ತಿಳಿಯದೆ ತಲೆಯಾಡಿಸಿದೆ. ಬಸ್ಸಿನಲ್ಲಿ ರಿನ್ಸಿ ಕಿಟಕಿಯ ಸೀಟು ನನಗೇ ಬಿಟ್ಟಳು. ಸವಣೂರು ದಾಟುವವರೆಗೂ ಕಂಡ ಕಂಡದ್ದನ್ನೆಲ್ಲ ಕಣ್ಣು ಓಡಿಸಿ ಬಾಚಿಕೊಂಡೆ. ಗೂಡಂಗಡಿಯ ಬಾಳೆಗೊನೆ, ಯೂನಿಫಾರ್ಮ್ ಹಾಕಿದ ಮಕ್ಕಳು, ಅಡಿಕೆ ಚೀಲದ ಮೇಲೆ ಮಲಗಿದ ನಾಯಿ. ಹೀಗೆ ಓಡಿಸಿದರೆ ಲೋಕ ಇಡಿಯಾಗಿಯೇ ಇತ್ತು. ಯಾರು ಹೇಳಿದ್ದು ನನಗೆ ಕಾಣುವುದಿಲ್ಲ ಎಂದು?

ಸುಹರಾ ನನ್ನ ಎಡಗಣ್ಣು ಕಟ್ಟಿದಳು. ತಲೆಯ ಪಟ್ಟಿ ಸರಿ ಮಾಡಿದಳು. ರಿನ್ಸಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದಳು.

"ಸಿಬಿಯಣ್ಣ, ಒಂದೇ ಮಾತು. ನೀವು ಹುಡುಕ್ತಾ ಇರ್ತೀರಿ. ಹುಡುಕ್ಬೇಡಿ. ಬಂದ್ರೆ ಒತ್ತಿ, ಬರದಿದ್ರೆ ಬಿಡಿ. ಸರಿಯಾ?"

"ಸರಿ."

"ಶುರು ಮಾಡ್ತೇನೆ."

ಹಳದಿ ಚುಕ್ಕಿಯನ್ನು ನೋಡಿದೆ. ಅದರ ಪಕ್ಕದಲ್ಲೇ ಒಂದು ಬೆಳಕು ಮಿನುಗಿತು, ಒತ್ತಿದೆ. ಮೇಲೊಂದು, ಒತ್ತಿದೆ. ಇನ್ನೊಂದು. ಆಮೇಲೆ ಕಣ್ಣು ಹೊರಟಿತು, ಹಗ್ಗ ಬಿಚ್ಚಿದ ಕರುವಿನ ಹಾಗೆ. ಹಲ್ಲು ಕಚ್ಚಿ ಎಳೆದು ತಂದೆ. ಮತ್ತೆ ಹೊರಟಿತು, ಮತ್ತೆ ಎಳೆದೆ. ಕುತ್ತಿಗೆಯಲ್ಲಿ ಬೆವರು ಇಳಿಯಿತು. ಬಲಗಡೆ ಏನೋ ಬಂದಿರಬಹುದು, ಒಂದೇ ಒಂದು ಸಲ ಹೋಗಿ ನೋಡಿ ಬರುತ್ತೇನೆ ಎಂದು ಒಳಗೊಂದು ಮನಸ್ಸು ಬೇಡುತ್ತಿತ್ತು. ಬೇಡ ಎಂದೆ. ಚುಕ್ಕಿ, ಚುಕ್ಕಿ, ಚುಕ್ಕಿ. ಸ್ವಲ್ಪ ಹೊತ್ತಿಗೆ ಕಣ್ಣು ಸೋತು ನಿಂತಿತು.

ನಿಂತ ಮೇಲೆ ಬೋಗುಣಿಯ ಅಂಚು ಹೋಯಿತು. ಕಪ್ಪಾಗಿ ಹೋದದ್ದಲ್ಲ. ಕಪ್ಪು ಇದ್ದರೂ ಅಲ್ಲೇನೋ ಉಂಟು ಎಂದಾಗುತ್ತಿತ್ತು. ಅಲ್ಲಿ ಕಪ್ಪೂ ಇರಲಿಲ್ಲ. ಚುಕ್ಕಿ, ಚುಕ್ಕಿಯ ಸುತ್ತ ಒಂದಿಷ್ಟು ಬಿಳಿ, ಆಮೇಲೆ ಏನೂ ಇಲ್ಲ. ನನ್ನ ಮೂಗಿನ ತುದಿ ಇಲ್ಲ. ಬಟನ್ ಹಿಡಿದ ಕೈ ಎಲ್ಲಿಯದೋ. ಇಷ್ಟು ವರ್ಷ ಇಷ್ಟರೊಳಗೇ ಇದ್ದೆನಾ? ಎದ್ದು ಓಡಬೇಕೆನಿಸಿತು. ಓಡುವುದೆಂದರೆ ಕಣ್ಣು ಅಲ್ಲಾಡಿಸುವುದು, ಅಷ್ಟೇ ಸಾಕು, ಎಲ್ಲವೂ ವಾಪಸು ಬರುತ್ತದೆ. ಅಲ್ಲಾಡಿಸಿದರೆ ಜಾಗ ಹೋಗುತ್ತದೆ. ಗಲ್ಲವನ್ನು ಒತ್ತಿ ಹಿಡಿದೆ.

ಬೆಳಕು ಬರಲಿ ಎಂದು ಕಾದೆ. ಬರಲಿಲ್ಲ. ಇನ್ನೂ ಕಾದೆ. ಬಟನ್ ಮೇಲೆ ಹೆಬ್ಬೆರಳು ಜೋಮು ಹಿಡಿಯಿತು. ಪುತ್ತೂರಿನಲ್ಲಿ ಕರೆಂಟು ಹೋಗುವುದು ಹೊಸತಲ್ಲ. ನನಗೆ ಒಂದು ತರದ ಸಮಾಧಾನವೇ ಆಯಿತು.

"ಕರೆಂಟ್ ಹೋಯ್ತಾ ಸುಹರಾ?" ಎಂದು ತುಟಿ ಮಾತ್ರ ಅಲ್ಲಾಡಿಸಿ ಕೇಳಿದೆ. "ಮೆಷಿನ್ ನಿಂತಿದೆ."

ಅವಳ ಕುರ್ಚಿ ಹತ್ತಿರಕ್ಕೆ ಸರಿದ ಸದ್ದಾಯಿತು.

"ಕರೆಂಟ್ ಉಂಟು ಸಿಬಿಯಣ್ಣ" ಎಂದಳು. "ಮೆಷಿನ್ ನಡೀತಾ ಉಂಟು. ಲೈಟು ಬರ್ತಾನೇ ಉಂಟು."

"ಈಗಲೂ?"

"ಈಗಲೂ. ಚುಕ್ಕಿ ನೋಡಿ ಅಣ್ಣ. ಕಣ್ಣು ಚೆನ್ನಾಗಿ ನಿಂತಿದೆ, ಬಿಡ್ಬೇಡಿ."

ಬಿಡಲಿಲ್ಲ. ಕಾಣದ ಬೆಳಕುಗಳು ನನ್ನ ಸುತ್ತ ಹತ್ತಿ ಆರುತ್ತಿದ್ದವು, ನಾನು ಅವುಗಳ ನಡುವೆ ಕೂತಿದ್ದೆ. ಕಣ್ಣಿನಿಂದ ನೀರಿಳಿದು ಗಲ್ಲ ಊರಿದ ಪ್ಲಾಸ್ಟಿಕ್ಕಿನ ಮೇಲೆ ಬಿತ್ತು. ಎಷ್ಟೋ ಹೊತ್ತಿನ ಮೇಲೆ ಚುಕ್ಕಿಯ ಹತ್ತಿರ ಒಂದು ಮಿನುಗಿತು. ಸಿಕ್ಕಿದ್ದೇ ಪುಣ್ಯವೆಂದು ಒತ್ತಿದೆ. ಆಮೇಲೆ ಬಲಗಣ್ಣು ಕಟ್ಟಿ ಎಡಗಣ್ಣಿಗೂ ಇದೇ ಆಯಿತು. ಆ ಸಲ ನಾನು ಕರೆಂಟಿನ ವಿಷಯ ಕೇಳಲಿಲ್ಲ.

ಡಾಕ್ಟರು ಹಳೆಯ ಚಿತ್ರವನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಕಪ್ಪಿನ ನಡುವೆ ಚಕ್ಕುಲಿಯಷ್ಟು ಬಿಳಿ. ಹೊಸದರಲ್ಲಿ ಅಂಗಿಯ ಗುಂಡಿಯಷ್ಟು.

"ಇದು ಟೆಸ್ಟ್ ಅಂದ್ರೆ!" ಎಂದು ಅವರು ಖುಷಿಯಿಂದ ಬೆರಳಲ್ಲಿ ತಟ್ಟಿದರು. "ಪೂರ್ತಿ ನಂಬಬಹುದು. ವ್ಯತ್ಯಾಸ ಬೇಕಾದ್ದಕ್ಕಿಂತ ಜಾಸ್ತಿಯೇ ಉಂಟು, ನಡುವಿನದ್ದು ಉಳಿದಿದೆ. ಸಿಬಿ, ನಿಮ್ಮ ಹೆಸರು ಕಳಿಸ್ತೇನೆ. ಸೇರಿದ ಹಾಗೆಯೇ." ನಗುತ್ತಾ ತಲೆ ಎತ್ತಿದವರು ನನ್ನನ್ನು ನೋಡಿ ನಗು ನಿಲ್ಲಿಸಿದರು. ಒಳಗೆ ಬಂದಿದ್ದ ರಿನ್ಸಿ ಹೊಸ ಚಿತ್ರವನ್ನು ಕೈಯಿಂದ ಮುಚ್ಚಿ ಕೂತಿದ್ದಳು, ನಾನು ನೋಡಬಾರದು ಎನ್ನುವ ಹಾಗೆ.

ಬರುವಾಗ ಬಸ್ಸಿನಲ್ಲಿ ಕಣ್ಣು ಓಡಿಸಲು ಹೋದೆ. ಓಡಿತು. ಸವಣೂರಿನಲ್ಲಿ ಅದೇ ಗೂಡಂಗಡಿ ಸಿಕ್ಕಿತು, ಅದೇ ಬಾಳೆಗೊನೆ. ಆದರೆ ಗೊನೆ ಸಿಕ್ಕಿದಾಗ ಅಂಗಡಿ ಹೋಯಿತು, ಅಂಗಡಿಗೆ ಬಂದಾಗ ಗೊನೆ ಹೋಯಿತು. ಬೆಳಿಗ್ಗೆಯೂ ಹೀಗೇ ಇದ್ದಿರಬೇಕು. ಈಗ ಗೊತ್ತಾಯಿತು, ಇನ್ನು ಗೊತ್ತಿಲ್ಲದ ಹಾಗೆ ಇರಲು ಬರುವುದಿಲ್ಲ. ರಿನ್ಸಿ ನನ್ನ ಅಂಗೈ ಹಿಡಿದುಕೊಂಡಿದ್ದಳು. ಯಾವ ಹೊತ್ತಿಗೆ ಹಿಡಿದಳೋ, ನಾನು ನೋಡಿರಲಿಲ್ಲ.

ಅಮ್ಮ ಗೇಟಿನಲ್ಲೇ ನಿಂತಿದ್ದರು. "ಎಂತ ಹೇಳಿದ್ರು ಮೋನೇ?"

"ಸೇರಿಸಿಕೊಂಡ್ರು ಅಮ್ಮ. ಮದ್ದು ಕೊಡ್ತಾರೆ."

"ಹಾಗಾದ್ರೆ..." ಎಂದವರು ಮುಂದಿನದನ್ನು ಕೇಳಲಿಲ್ಲ. ಅವರಿಗೂ ಲೆಕ್ಕ ಬರುತ್ತದೆ. ಕೊಂತವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಎದೆಗೆ ಒಂದು ಗುದ್ದಿದರು, ಮೆಲ್ಲಗೆ, ಆಮೇಲೆ ಅಲ್ಲೇ ತಲೆ ಇಟ್ಟರು. "ನನ್ನಿಂದ" ಎಂದರು. "ಇಲ್ಲ ಅಮ್ಮ" ಎಂದೆ. ರಿನ್ಸಿ ಅವರನ್ನು ಒಳಗೆ ಕರೆದುಕೊಂಡು ಹೋದಳು.

ಜಗಲಿಯಲ್ಲಿ ಅಮ್ಮಾಚ್ಚ ಬೀಡಿ ಸೇದುತ್ತಿದ್ದರು. ನನ್ನ ಹೆಜ್ಜೆ ಕೇಳಿಯೂ ಈ ಸಲ ಚೇಷ್ಟೆ ಮಾಡಲಿಲ್ಲ.

"ಕಣ್ಣು ನಿಲ್ಲಿಸಿದ್ಯಾ?"

"ನಿಲ್ಲಿಸಿದೆ."

ಅವರು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು. ಎರಡೂ ಕೈ ಊರಿ, ಬೆಂಚಿನ ಮೇಲೆ ಸ್ವಲ್ಪ ಆಚೆಗೆ ಸರಿದು ಕೂತರು. ಪಕ್ಕದಲ್ಲಿ ಒಬ್ಬನಿಗೆ ಸಾಕಾಗುವಷ್ಟು ಜಾಗ ಆಯಿತು.

"ನನಗೆ ಶೀಟು ತೆಗೀಲಿಕ್ಕುಂಟು" ಎಂದೆ.

"ತೆಗಿ" ಎಂದರು. ಆದರೆ ಸರಿದಲ್ಲಿಂದ ವಾಪಸು ಸರಿಯಲಿಲ್ಲ.

ಶೀಟುಗಳನ್ನು ರಿನ್ಸಿ ಬೆಳಿಗ್ಗೆಯೇ ತೆಗೆದಿಟ್ಟಿದ್ದಳು. ನಾನು ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ನಿಂತೆ. ಆಮೇಲೆ ಚಪ್ಪಲಿ ಬಿಟ್ಟು, ಹಲಗೆ ಎಲ್ಲಿದೆ ಎಂದು ಕೈಯಲ್ಲಿ ಮುಟ್ಟಿ ನೋಡಿ, ಕೂತೆ.